ಹಾಳು ಎಂದು ಬರೆದ ಕೀಡಿಗಳು

ಆ ವರ್ಷದ ಮೊದಲ ಕೀಡಿ, ಅಂದರೆ ಕಾಯಿ ಕೊರೆಯುವ ಹುಳು, ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಕಡಲೆ ಹೊಲದಿಂದ ನೆಟ್ಟಗೆ ಬಂದ ನಾಲ್ವರು ಹೆಂಗಸರು ಬೆಳೆಗೆ ಮದ್ದು ತಯಾರಿಸುವ ಜೇವರ್ಗಿಯ ನಮ್ಮ ಘಟಕದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿಗಳನ್ನು ನನ್ನ ಮೇಜಿನ ಮೇಲಿಟ್ಟರು. ಎಲ್ಲರ ಬಟ್ಟೆಯೂ ಮೊಳಕಾಲಿನವರೆಗೆ ಒದ್ದೆ. ಕಡಲೆ ಗಿಡದ ಮೇಲೆ ಮುಂಜಾನೆ ಇಬ್ಬನಿಯ ಜೊತೆ ಹುಳಿಯೂ ಕೂತಿರುತ್ತದೆ. ಅದು ತಾಕಿದ ಕಾಲು ಮಧ್ಯಾಹ್ನದವರೆಗೂ ಉರಿಯುತ್ತದೆ.

"ತಗೋರಿ, ನಿಮ್ಮ ಕೂಸುಗೋಳು ಬಂದ್ವು. ನೀರ ಕಾಸ್ರಿ, ಎರೀರಿ," ಎಂದಳು ಒಬ್ಬಳು. ನಾನು ಕೀಡಿಗಳ ಬಾಣಂತನ ಮಾಡುವವಳು ಎಂಬುದು ಅವರ ನಿತ್ಯದ ತಮಾಷೆ.

ತಮಾಷೆಯಾದರೂ ಅದರಲ್ಲಿ ಸುಳ್ಳೇನಿರಲಿಲ್ಲ. ಕಡಲೆ, ತೊಗರಿಯ ಕಾಯಿ ಕೊರೆಯುವ ಹಸಿರು ಕೀಡಿಯನ್ನು ನಾವು ಮೊದಲು ಸಾಕುತ್ತೇವೆ, ಆಮೇಲೆ ಕೊಲ್ಲುತ್ತೇವೆ. ಅದಕ್ಕೆ ಬರುವ ಒಂದು ರೋಗವಿದೆ. ಆ ರೋಗದ ನಂಜನ್ನು ನೆನೆಸಿದ ಕಡಲೆಗೆ ಸವರಿ ತಿನ್ನಿಸಿದರೆ ಒಂದು ವಾರದಲ್ಲಿ ಕೀಡಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಸತ್ತ ಕೀಡಿಗಳನ್ನು ಕೊಳೆಸಿ, ಅರೆದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದರೆ ಅದೇ ಮದ್ದು. ಬೆಲ್ಲ ಕರಗಿಸಿದ ನೀರಿಗೆ ಬೆರೆಸಿ, ಬಿಸಿಲು ಇಳಿದ ಮೇಲೆ ಹೊಲಕ್ಕೆ ಹೊಡೆಯಬೇಕು. ಕೀಡಿಗೆ ಮಾತ್ರ ಅದು ಸಾವು. ಹೊಡೆಯುವವರಿಗೆ, ದನಕ್ಕೆ, ಜೇನಿಗೆ ಏನೂ ಆಗುವುದಿಲ್ಲ. ಹೊಲದಿಂದ ಬಾಟಲಿಯವರೆಗೆ ಹದಿನೈದು ದಿನದ ಕೆಲಸ.

ನನ್ನ ಪಾಲಿಗೆ ಬಂದದ್ದು ಸಾಕುವ ಕೆಲಸ. ಒಂದು ಟ್ರೇಗೆ ಐವತ್ತು ಖಾನೆ, ಒಂದು ಖಾನೆಗೆ ಒಂದೇ ಕೀಡಿ. ಎರಡನ್ನು ಒಟ್ಟಿಗಿಟ್ಟರೆ ಸಂಜೆಯ ಹೊತ್ತಿಗೆ ಒಂದೇ ಉಳಿದಿರುತ್ತದೆ. ಒಂದನ್ನೊಂದು ತಿನ್ನುವ ಜಾತಿ ಅದು. ಮೃದುವಾದ ಚಿಮಟದಲ್ಲಿ ಎತ್ತಲು ಹೋದರೆ ತಲೆಯೆತ್ತಿ ಆಚೀಚೆ ಬೀಸುತ್ತದೆ, ಹಸಿರು ರಸ ಉಗುಳುತ್ತದೆ, ಅದಕ್ಕೂ ಬಗ್ಗದಿದ್ದರೆ ಸುರುಳಿ ಸುತ್ತಿ ದೊಪ್ಪನೆ ಬಿದ್ದು ಸತ್ತಂತೆ ಮಲಗುತ್ತದೆ. ಇಷ್ಟು ಆಟ ಆಡಿದರೆ ಅದು ಗಟ್ಟಿ ಕೀಡಿ ಎಂದು ಲೆಕ್ಕ. ಪ್ರತಿ ಟ್ರೇಗೆ ಯಾವ ಊರು, ಯಾರ ಹೊಲ, ಯಾವ ದಿನ ಎಂದು ಚೀಟಿ ಅಂಟಿಸುತ್ತಿದ್ದೆ. ದಿನಾ ಬೆಳಿಗ್ಗೆ ಬದುಕಿದ್ದೆಷ್ಟು, ಹಾಳಾದದ್ದೆಷ್ಟು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬರೆಯದೆ ಮನೆಗೆ ಹೋದವಳಲ್ಲ.

ಆ ನಾಲ್ವರಲ್ಲಿ ಒಬ್ಬಳನ್ನು ಊರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತದೆ. ನಾನೂ ಹಾಗೇ ಕರೆಯುತ್ತೇನೆ. ಆಕೆ ನನ್ನನ್ನು ಅಕ್ಕಾ ಎನ್ನುತ್ತಾಳೆ. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಇದನ್ನು ಬರೆಯಲೇ ಎಂದು ಈಗ ಆಕೆಯನ್ನು ಕೇಳಿದೆ. ಹೆಸರು ಬೇಡ, ಉಳಿದದ್ದು ನಡೆದಂತೆ ಬರಿ ಎಂದಳು.

ಅಂದೋಲಾ ಕಡೆಯ ಒಂದು ಹಳ್ಳಿಯಲ್ಲಿ ಅವರು ಮೂರು ಎಕರೆ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಗಂಡ, ಎಲ್ಲರ ಬಾಯಲ್ಲೂ ಭಾಯಿ, ಇಪ್ಪತ್ತು ವರ್ಷ ಸುತ್ತಲಿನ ಊರುಗಳಿಗೆಲ್ಲ ಎಣ್ಣೆ ಹೊಡೆದವರು. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಎರಡು ವರ್ಷದ ಹಿಂದೆ ಹತ್ತಿ ಹೊಲದಲ್ಲಿ ಹೊಡೆಯುತ್ತ ಬಿದ್ದಿದ್ದರು. ಆಸ್ಪತ್ರೆಯಿಂದ ಎದ್ದು ಬಂದರೂ ಕೈನಡುಕ ಹೋಗಲಿಲ್ಲ. ಇನ್ನೊಮ್ಮೆ ಈ ವಿಷ ಮೈಗೆ ಸೇರಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಆಪಾಳಿಗೆ ಬಿಡಿಸಿ ಹೇಳಿದ್ದರು. ಅಂದಿನಿಂದ ಆಕೆ ಎಣ್ಣೆ ಹೊಡೆಯುವ ಪಂಪನ್ನು ಅಟ್ಟದ ಮೇಲೆ ಹಾಕಿ, ಏಣಿಯನ್ನು ತವರಿಗೆ ಕಳಿಸಿಬಿಟ್ಟಿದ್ದಳು.

ಭಾಯಿ ಒಮ್ಮೊಮ್ಮೆ ಆಕೆಯನ್ನು ಬೈಕಿನಲ್ಲಿ ಬಿಡಲು ಬರುತ್ತಿದ್ದರು. ಟ್ರೇಗಳನ್ನು ಬಗ್ಗಿ ನೋಡಿ ನಗುತ್ತಿದ್ದರು.

"ನಾ ಜಲ್ಮ ಪೂರಾ ಇವನ್ನ ಕೊಂದೆ. ನೀವ್ ನೋಡಿದ್ರ ಕಡ್ಲಿ ನೆನಸಿ ತಿನ್ನಸಾಕತ್ತೀರಿ. ಕಯಾಮತ್ ಬಂದ ದಿನ ದೇವ್ರ ಮುಂದ ಇವೆಲ್ಲ ನನ್ನ ಮ್ಯಾಲ ಫಿರ್ಯಾದಿ ಕೊಡ್ತಾವ, ನಿಮಗ ಸಲಾಂ ಮಾಡ್ತಾವ!"

"ನಾವೂ ಕೊಲ್ಲೋರೇ ಭಾಯಿ. ಹೊಟ್ಟಿ ತುಂಬಿಸಿ ಕೊಲ್ತೀವಿ ಅಷ್ಟ."

"ಅಂದ್ರ ನೀವ್ ನನಕಿಂತಾ ಖರಾಬ್," ಎಂದಿದ್ದರು.

ಆ ಸೋಮವಾರ ಉಳಿದ ಮೂವರು ಹೋದ ಮೇಲೆ ಆಪಾ ಮೇಜಿನ ಹತ್ತಿರವೇ ನಿಂತಳು.

"ಅಕ್ಕಾ, ಹೂವಿನ ಮ್ಯಾಲ ಒಂದ್ ಸಲ ಹೊಡೀಲಿಲ್ಲಂದ್ರ ಈತನ ಜೀವ ತಡಿಯಂಗಿಲ್ಲ. ಊರೆಲ್ಲ ಹೊಡೀತದ, ಈತ ಸುಮ್ಮ ಕುಂತ ನೋಡ್ಬೇಕಲ್ಲ. ನಿಮ್ಮ ಮದ್ದು ಒಂದ್ ಬಾಟ್ಲಿ ಕೊಟ್ರ ನಾನಽ ಹೊಡೀತೀನಿ. ಪಂಪಿಗಿ ಆತನ ಕೈ ಹತ್ತಾಕ ಬಿಡಂಗಿಲ್ಲ."

"ಹೂ ಬಿಡೋದ್ರೊಳಗ ಬಾಟ್ಲಿ ನಿನ್ನ ಕೈಯಾಗ ಇರ್ತದ," ಎಂದೆ. ಅಂದು ಬಂದ ಕೀಡಿಗಳ ಒಂದು ಪೂರ್ತಿ ಟ್ರೇ ಆಕೆಯ ಹೊಲದ್ದೇ. ಚೀಟಿ ಬರೆದು ಅಂಟಿಸಿದೆ.

ಆಕೆಯ ಟ್ರೇ ತುಂಬುವಾಗಲೇ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಕೀಡಿಗಳು ಸಣ್ಣವು, ಬಣ್ಣ ಮಾಸಿದ್ದವು, ಮುಟ್ಟಿದರೆ ಉಗುಳುವುದಿಲ್ಲ, ತಲೆ ಬೀಸುವುದಿಲ್ಲ. ಎತ್ತಿ ಇಟ್ಟಲ್ಲಿ ಇರುತ್ತಿದ್ದವು. ಗುರುವಾರದ ಹೊತ್ತಿಗೆ ಬೇರೆ ಟ್ರೇಗಳಲ್ಲಿ ಕೀಡಿಗಳು ಕಡಲೆ ಕೊರೆದು ದಪ್ಪವಾಗಿದ್ದವು. ಇವು ಕಾಳಿನ ಸಿಪ್ಪೆಯನ್ನೂ ಪೂರ್ತಿ ಕೆರೆದಿರಲಿಲ್ಲ. ಶುಕ್ರವಾರ ಮುಚ್ಚಳ ತೆಗೆದರೆ ಹದಿನಾಲ್ಕು ಖಾನೆಗಳಲ್ಲಿ ಕೀಡಿ ಒಣಗಿದ ತೊಗಲಾಗಿತ್ತು. ಪಕ್ಕದಲ್ಲೇ ಜೋಳದ ಕಾಳಿನಷ್ಟು ದೊಡ್ಡದೊಂದು ಬೂದುಬಿಳಿ ಗೂಡು, ಮೈತುಂಬ ಕಪ್ಪು ಚುಕ್ಕೆ. ಶನಿವಾರ ಅಂಥವು ಇಪ್ಪತ್ತಾರಾದವು. ಸೋಮವಾರಕ್ಕೆ ಮೂವತ್ತೇಳು.

ಅದೇನೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೀಡಿ ಇನ್ನೂ ಎಳೆಯದಾಗಿರುವಾಗ ಒಂದು ಸಣ್ಣ ಕಣಜ ಬಂದು ಅದರ ಮೈಯೊಳಗೆ ಮೊಟ್ಟೆ ಇಡುತ್ತದೆ. ಕೀಡಿ ತಲೆ ಬೀಸಿ, ಉಗುಳಿ ತಪ್ಪಿಸಿಕೊಳ್ಳಲು ನೋಡುತ್ತದೆ. ಕಣಜದ್ದು ಒಂದು ಚುಚ್ಚಿನ ಕೆಲಸ. ಮರಿ ಒಳಗೊಳಗೇ ತಿಂದು ಬೆಳೆದು, ಕೀಡಿ ಕಾಯಿ ಕೊರೆಯುವಷ್ಟು ದೊಡ್ಡದಾಗುವ ಮೊದಲೇ ಅದನ್ನು ಮುಗಿಸಿ ಹೊರಬಂದು ಪಕ್ಕದಲ್ಲಿ ಗೂಡು ಕಟ್ಟುತ್ತದೆ. ಇದನ್ನೆಲ್ಲ ತರಬೇತಿಯಲ್ಲಿ ಕೇಳಿದ್ದೆ. ಆದರೆ ಘಟಕದಲ್ಲಿ ನಮಗೆ ಅದು ನಷ್ಟದ ಬಾಬತ್ತು. ಒಣಗಿದ ತೊಗಲಿನಿಂದ ಮದ್ದು ಬರುವುದಿಲ್ಲ. ಗೂಡುಗಳನ್ನು ಚಿಮಟದಲ್ಲಿ ಆರಿಸಿ ಫಿನಾಯಿಲ್ ನೀರಿನ ಬಕೆಟ್ಟಿಗೆ ಹಾಕಿದೆ. ಆಪಾಳ ಹೊಲದ ಸಾಲಿನಲ್ಲಿ ಹಾಳು, ಮೂವತ್ತೇಳು ಎಂದು ಬರೆದೆ.

ಘಟಕ ನೋಡಿಕೊಳ್ಳುವ ಸಾಹೇಬರು ಕೇಳಿದರು: "ಒಂದೇ ಟ್ರೇ ಇಷ್ಟು ಹಾಳು ಹ್ಯಾಂಗಾತ್ರಿ? ಆರಿಸೋರು ಕೈಗೆ ಸುಲಭ ಸಿಕ್ಕದ್ದು ಹಾಕ್ಕೊಂಡು ಬಂದಾರ. ಜರಾ ಹೇಳ್ರಿ ಅವ್ರಿಗೆ."

ನಾನು ಹೇಳಿದೆ. ಆಪಾಳನ್ನು ಕರೆದು, ಉಳಿದವರ ಮುಂದೆಯೇ, "ಏನಬೇ, ಸತ್ತಂಗಿರೋವ್ನ ಆರಿಸಿ ತಂದೀಯಲ್ಲ, ಚುರುಕಿದ್ದದ್ದು ತರಾಕ ಏನಾಗಿತ್ತು?" ಎಂದೆ.

ಆಕೆಯ ಮುಖ ಸಣ್ಣದಾಯಿತು. "ನಾ ಆರಿಸಿಲ್ಲಕ್ಕಾ. ನಮ್ಮ ಹೊಲದಾಗ ಇರೋವೇ ಹಿಂಗದಾವ," ಎಂದಳು.

ಆ ಮಾತನ್ನು ನಾನು ನೆಪವೆಂದು ತಿಳಿದೆ. ಆರಿಸದೆ ತಂದ ಐವತ್ತರಲ್ಲಿ ಮೂವತ್ತೇಳು ಹೀಗಿದ್ದರೆ ಹೊಲದಲ್ಲಿಯೂ ಲೆಕ್ಕ ಅದೇ ಇರಬೇಕು. ಕಣಜ ಅಲ್ಲಿ ತನ್ನ ಕೆಲಸ ಮಾಡುತ್ತಿದೆ, ಹೊಲಕ್ಕೆ ಯಾವ ಎಣ್ಣೆಯೂ ಬೇಡ, ನಮ್ಮ ಮದ್ದೂ ಬೇಡ. ಅಂದೇ ಇಷ್ಟು ತಿಳಿಯಲು ದೊಡ್ಡ ಓದು ಬೇಕಿರಲಿಲ್ಲ. ಚೀಟಿ ನಾನೇ ಬರೆದದ್ದು, ಎಣಿಸಿದವಳೂ ನಾನೇ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಬಾಟಲಿ ಒಂದೇ.

ಬಾಟಲಿ ಆಗುವ ಲಕ್ಷಣ ಕಾಣಲಿಲ್ಲ. ಉಳಿದ ಟ್ರೇಗಳಿಂದ ಬಂದ ಮದ್ದು ಕರಜಗಿ ಊರಿನ ರೈತರು ಮೊದಲೇ ಹೇಳಿಟ್ಟದ್ದಕ್ಕೆ ಸರಿಹೋಯಿತು. ಆಳಂದ ಕಡೆಯಿಂದ ಇನ್ನೊಂದು ಸಲ ಕೀಡಿ ತರಿಸಿದೆವು. ದಾರಿಯಲ್ಲಿ ಜೀಪು ಕೆಟ್ಟು ಡಬ್ಬಿಗಳು ಬಿಸಿಲಿನಲ್ಲಿ ಉಳಿದು, ಅರ್ಧ ಬೆಂದವು, ಇನ್ನರ್ಧ ಒಂದನ್ನೊಂದು ತಿಂದವು. ಮೂರನೆಯ ಸಲ ತಂದವು ಗಟ್ಟಿಯಾಗಿದ್ದವು. ನಂಜು ಸವರಿದ ಕಡಲೆ ತಿನ್ನಿಸಿದೆ. ಅವು ಸಾಯುವವರೆಗೆ ಕಾಯಬೇಕು. ಫ್ರಿಜ್ಜಿನಲ್ಲಿ ಬೀಜದ ಮದ್ದು ಎಂದು, ಮುಂದಿನ ಕೀಡಿಗಳಿಗೆ ತಿನ್ನಿಸುವ ನಂಜಿನ ಒಂದು ಸಣ್ಣ ಸೀಸೆ ಇತ್ತು. ಅದನ್ನು ಕೊಟ್ಟುಬಿಡಲೇ ಎಂದು ಸಾಹೇಬರನ್ನು ಕೇಳಿದೆ. ಅದು ಹೋದರೆ ಮುಂದೆ ಘಟಕವೇ ಇಲ್ಲ ಎಂದರು. ಅವರ ಮಾತೂ ಸರಿಯಿತ್ತು.

ಹೊಲಗಳಲ್ಲಿ ಹೂ ಬಂತು. ಆಪಾ ದಿನಾ ಕೆಲಸಕ್ಕೆ ಬರುತ್ತಿದ್ದಳು, ಸೀಸೆ ತೊಳೆಯಲು, ಕಡಲೆ ನೆನೆಸಲು. ಬಾಗಿಲಲ್ಲೇ ಕೇಳುತ್ತಿದ್ದಳು: "ಅಕ್ಕಾ, ಎಂದು?"

"ನಾಳಿ."

ಮರುದಿನವೂ ನಾಳೆ ಎಂದೆ. ಅದರ ಮರುದಿನ, "ನಾಡದು, ಖರೆ," ಎಂದೆ. ಆಗಿಲ್ಲ, ಕೆಟ್ಟುಹೋಯಿತು ಎನ್ನಲು ನಾಲಗೆ ಏಳಲಿಲ್ಲ. ಬೈದದ್ದು ನಾನು, ಬಾಟಲಿ ಕೊಡದವಳೂ ನಾನೇ ಎಂದಾಗುತ್ತಿತ್ತಲ್ಲ. ಅವರ ಹೊಲಕ್ಕೆ ಒಮ್ಮೆ ಹೋಗಿ, ಗಿಡದ ಕೆಳಗೆ ಬಟ್ಟೆ ಹಾಸಿ ಒಂದು ಸಾಲು ಅಲ್ಲಾಡಿಸಿ, ಎಷ್ಟು ಕೀಡಿ ಬೀಳುತ್ತವೆ ನೋಡಬಹುದಿತ್ತು. ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ನಾನು ಹೋಗಲಿಲ್ಲ. ಟ್ರೇಗಳ ಮುಂದೆ ಕುಳಿತು ಕೀಡಿ ಯಾವಾಗ ಸಾಯುತ್ತವೆಂದು ಕಾದೆ.

ಹಾಗೆ ಕಾಯುತ್ತಿದ್ದ ಒಂದು ದಿನ ಆಪಾ ನನ್ನ ಪಕ್ಕದಲ್ಲೇ ಕುಳಿತು ಸೀಸೆಗಳ ಬಾಯಿಗೆ ಹತ್ತಿ ತುರುಕುತ್ತಿದ್ದಳು. ಮೂರನೆಯ ಸಲದ ಕೀಡಿಗಳು ಜೋತುಬೀಳಲು ಶುರುವಾಗಿದ್ದವು. ಒಂದನ್ನು ತೋರಿಸಿ, "ನೋಡವಾ, ನಿನ್ನ ಬಾಟ್ಲಿ ಆಗಾಕತ್ತೈತಿ," ಎಂದೆ. ಆಕೆ ನಕ್ಕಳು. "ಈತಗ ಹೇಳೀನಿ, ಇನ್ನೆರಡ ದಿನ ತಡಕೋ ಅಂತ. ಮಕದ ಮ್ಯಾಲ ಸಿಟ್ಟು ಇಷ್ಟುದ್ದ ಐತಿ," ಎಂದು ಹತ್ತಿಯನ್ನು ಮೂಗಿನ ಮುಂದೆ ಹಿಡಿದು ತೋರಿಸಿದಳು.

ಆಪಾಳಿಗೆ ಫೋನು ಬಂದದ್ದು ಊಟಕ್ಕೆ ಕೂತಾಗ. ಪಕ್ಕದ ಹೊಲದವರು. "ನಿಮ್ಮ ಮನಿಯವರು ಬದುವಿನ ಮ್ಯಾಲ ಬಿದ್ದಾರ, ಬಾಯಾಗ ನೊರಿ ಬರಾಕತ್ತದ, ಲಗೂ ಬರ್ರಿ," ಎಂದರು. ಯಾರದೋ ಮನೆಯ ಪಂಪು ಕಡ ತಂದಿದ್ದರಂತೆ. ಒಂದರ ಬದಲು ಎರಡು ಎಣ್ಣೆ ಕೂಡಿಸಿದ್ದರಂತೆ. ಗಾಳಿ ಎದುರಿಗೆ, ನಡು ಮಧ್ಯಾಹ್ನ, ಮುಖಕ್ಕೆ ಬಟ್ಟೆಯೂ ಇರಲಿಲ್ಲ. ಹೆಂಡತಿ ಮನೆಗೆ ಬರುವುದರೊಳಗೆ ಮುಗಿಸಿಬಿಡುವ ಅವಸರ.

ಜೇವರ್ಗಿಯಲ್ಲಿ ಮೈ ತೊಳೆದು, ಸೂಜಿ ಕೊಟ್ಟು ಕಲಬುರಗಿಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ಎರಡು ದಿನ ಆಪಾ ಗೋಡೆಗೆ ಒರಗಿ ಕುಳಿತಿದ್ದಳು. ಮೂರನೆಯ ದಿನ ಬೆಳಿಗ್ಗೆ ಭಾಯಿ ತೀರಿಕೊಂಡರು.

ಮಣ್ಣಾದ ಮೇಲೆ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು. ಟ್ರೇಗಳನ್ನು ತೊಳೆಯಲು ತೆಗೆದರೆ ಆಪಾಳ ಹೊಲದ ಟ್ರೇ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಆರಿಸುವಾಗ ನಾಲ್ಕು ಗೂಡು ನನ್ನ ಕಣ್ಣು ತಪ್ಪಿದ್ದವು. ಆ ನಾಲ್ಕರ ತುದಿಯೂ ದುಂಡಗೆ ಕತ್ತರಿಸಿತ್ತು. ಮುಚ್ಚಳದ ಒಳಗೆ ನಾಲ್ಕು ಕಣಜಗಳು ಸತ್ತು ಅಂಟಿಕೊಂಡಿದ್ದವು. ಹೊರಗೆ ಹೋಗಲು ದಾರಿಯಿಲ್ಲದೆ ಸತ್ತಿದ್ದವು. ರೆಕ್ಕೆಯಿರುವ ಇರುವೆಯ ಹಾಗೆ, ಅಷ್ಟೇ ದೊಡ್ಡವು. ಅವನ್ನು ನೋಡುತ್ತ ನಿಂತಾಗ, "ನಮ್ಮ ಹೊಲದಾಗ ಇರೋವೇ ಹಿಂಗದಾವ" ಎಂಬ ಮಾತು ನನಗೆ ಮೊದಲ ಸಲ ಅರ್ಥವಾಯಿತು.

ಮರುದಿನ ಬೆಳಗಿನ ಬಸ್ಸಿಗೆ ಆ ಹೊಲಕ್ಕೆ ಹೋದೆ. ಎಣ್ಣೆಯ ವಾಸನೆ ಇನ್ನೂ ಇತ್ತು. ಬದುವಿನ ಕಡೆಯಿಂದ ಐದು ಸಾಲು ಮಾತ್ರ ಹೊಡೆದಿದ್ದರು. ಅಲ್ಲಿ ನೆಲದ ಮೇಲೆ ಎಣ್ಣೆಗೆ ಸತ್ತ ಕೀಡಿ ಹುಡುಕಿದೆ. ಮಂಡಿಯೂರಿ ಎರಡು ಸಾಲು ತಡಕಾಡಿದರೂ ಸಿಕ್ಕದ್ದು ಒಂಬತ್ತು. ಎಲೆಗಳ ಕೆಳಗೆ ನೋಡಿದರೆ ಗಿಡಗಿಡಕ್ಕೂ ಬೂದುಬಿಳಿ ಗೂಡು, ಪಕ್ಕದಲ್ಲಿ ಒಣಗಿದ ತೊಗಲು. ಹೆಚ್ಚಿನವು ಕತ್ತರಿಸಿ ಖಾಲಿಯಾಗಿದ್ದವು, ಕೆಲವು ಇನ್ನೂ ಮುಚ್ಚಿದ್ದವು. ಹೊಡೆಯದ ಕಡೆ ಬಟ್ಟೆ ಹಾಸಿ ಸಾಲು ಅಲ್ಲಾಡಿಸಿದೆ. ಎರಡು ಕೀಡಿ ಬಿದ್ದವು. ಇನ್ನೊಂದು ಸಾಲಿನಲ್ಲಿ ಒಂದು. ಮೂರನೆಯದರಲ್ಲಿ ಏನೂ ಇಲ್ಲ.

ಹೊಡೆದ ಸಾಲುಗಳಿಂದ ಇಪ್ಪತ್ತು, ಹೊಡೆಯದ ಕಡೆಯಿಂದ ಇಪ್ಪತ್ತು ಮುಚ್ಚಿದ ಗೂಡುಗಳನ್ನು ಎರಡು ಸೀಸೆಗಳಲ್ಲಿ ಹಾಕಿಕೊಂಡು ಬಂದೆ. ಜೇನುನೀರಿನಲ್ಲಿ ಅದ್ದಿದ ಹತ್ತಿ ಇಟ್ಟು ಕಿಟಕಿಯ ಪಕ್ಕ ಇರಿಸಿದೆ. ನಾಲ್ಕನೆಯ ದಿನದಿಂದ ಹೊಡೆಯದ ಕಡೆಯ ಸೀಸೆಯಲ್ಲಿ ಕಣಜಗಳು ಹುಟ್ಟಿದವು, ಹದಿನೇಳು. ಇನ್ನೊಂದನ್ನು ಹತ್ತು ದಿನ ಇಟ್ಟು ನೋಡಿದೆ. ಅದರಿಂದ ಒಂದೂ ಬರಲಿಲ್ಲ.

ಸಾಹೇಬರು ಎರಡೂ ಸೀಸೆ ಹಿಡಿದು ಬಹಳ ಹೊತ್ತು ನೋಡಿದರು. "ಹೊಲಕ್ಕ ಏನೂ ಬೇಕಿದ್ದಿಲ್ಲ," ಎಂದರು ಮೆಲ್ಲಗೆ.

"ನಾ ಆಪಾಗ ಹೇಳ್ತೀನ್ರಿ."

"ಹೇಳಿ ಏನ್ ಮಾಡ್ತೀರಿ? ಆರಿಸೋರಿಗೆ ಹೇಳ್ರಿ ಅಂದವ ನಾನು. ಆ ಮಾತು ನನ್ನ ಮ್ಯಾಲೂ ಬರ್ತದ. ಬರ್ಲಿ. ಆದ್ರ ಆ ಹೆಣ್ಮಗಳಿಗೆ ಈಗಿದ್ದ ಸಂಕಟ ಸಾಲದೇನು? ನೀವು ನಿಮ್ಮ ಭಾರ ಇಳಿಸ್ಕೋಳಾಕ ಹೊಂಟೀರಿ, ಆಕಿ ತಲಿ ಮ್ಯಾಲ."

ಅವರ ಮಾತು ಮೂರು ದಿನ ನನ್ನನ್ನು ಕಟ್ಟಿಹಾಕಿತು. ಅದರಲ್ಲಿ ನಿಜವಿತ್ತು. ಆದರೆ ಹೊಲ ಆಕೆಯದು. ಆ ಹೊಲದಲ್ಲಿ ಏನು ನಡೆದಿತ್ತು ಎಂಬುದು ಮೊದಲು ಆಕೆಗೆ ತಿಳಿಯಬೇಕಿತ್ತು. ಬಾಟಲಿ ಕೆಟ್ಟದ್ದನ್ನು ಆಕೆಯಿಂದ ಒಂದು ಸಲ ಬಚ್ಚಿಟ್ಟಿದ್ದೆ. ಎರಡನೆಯ ಸಲ ಬೇಡವೆನಿಸಿತು. ಹೋದೆ.

ಅವರ ಪದ್ಧತಿಯಂತೆ ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಆಕೆ ಹೊಸ್ತಿಲು ದಾಟುವಂತಿರಲಿಲ್ಲ. ಒಳಮನೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾನೂ ಮೊರದ ಇನ್ನೊಂದು ಬದಿಗೆ ಕುಳಿತೆ. ಟ್ರೇ, ಮೂವತ್ತೇಳು, ಫಿನಾಯಿಲ್, ನಾಳೆ ನಾಳೆ ಎಂದದ್ದು, ಎರಡು ಸೀಸೆ, ಯಾವುದನ್ನೂ ಬಿಡದೆ ಹೇಳಿದೆ. ಆಕೆಯ ಬೆರಳು ನಿಲ್ಲಲಿಲ್ಲ.

"ಎಷ್ಟ ದೊಡ್ಡದಿರ್ತದ ಆ ಹುಳ?" ಎಂದಳು ಕೊನೆಗೆ.

ಒಂದು ಅಕ್ಕಿ ಕಾಳು ಎತ್ತಿ ತೋರಿಸಿದೆ. "ಇಷ್ಟ."

"ಅಂದ್ರ ಸುಮ್ಮ ಕುಂತಿದ್ರ ಸಾಕಿತ್ತು."

"ಹೌದವಾ. ಸಾಕಿತ್ತು."

ಕಾಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೊರಕ್ಕೆ ಹಾಕಿದಳು. "ಕುಂತಿದ್ದ ಅಕ್ಕಾ. ನೀ ಕೊಡ್ತೀ ಅಂತ ನಾ ಹೇಳಿದ್ದಕ್ಕ ಹದಿನೆಂಟ ದಿನ ಕುಂತಿದ್ದ. ನಿಕಾ ಆದಾಗಿಂದ ನನ್ನ ಮಾತು ಅಷ್ಟ ದಿನ ಎಂದೂ ಕೇಳಿದ್ದಿಲ್ಲ."

ಆಕೆ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮತ್ತೆ ಅಕ್ಕಿಗೆ ಕೈ ಹಾಕಿ ಎಂದಳು: "ಮಂದಿ ಬಂದು ಏನಂತಾರ ಗೊತ್ತದ? ಜೀವಾ ಕೊಟ್ಟು ಬೆಳಿ ಉಳಿಸಿದ ಅಂತಾರ. ಅನ್ಲಿ. ನೀ ಊರಾಗ ಬಾಯಿ ಬಿಡಬ್ಯಾಡ, ಈಗ ಬ್ಯಾಡ. ನನಗ ಹೇಳಿದ್ಯಲ್ಲ, ಸಾಕು." ಎದ್ದು ಅಕ್ಕಿಯನ್ನು ಡಬ್ಬಿಗೆ ಸುರಿದು ಮೊರ ಗೋಡೆಗೆ ಒರಗಿಸಿದಳು. "ನಾ ಹೊರಗ ಬರಂಗಿಲ್ಲ. ಕಡ್ಲಿ ಕೀಳಾಕ ಜನ ನೋಡಿ ನಿಂತು ಕೀಳಿಸು. ಅಷ್ಟ ಮಾಡು."

ಈಗ ನಾನು ಪ್ರತಿ ಹೊಲದ ಟ್ರೇಯ ಲೆಕ್ಕವನ್ನು ಅಂದೇ ಆ ಹೊಲದವರಿಗೆ ಫೋನು ಮಾಡಿ ಹೇಳುತ್ತೇನೆ. ಕಣಜದ ಗೂಡುಗಳನ್ನು ಡಬ್ಬಿಯಲ್ಲಿಟ್ಟು ವಾಪಸು ಹೊಲಕ್ಕೆ ಕಳಿಸುತ್ತೇನೆ. ಮಾಡಲು ಕಷ್ಟವೇನೂ ಇಲ್ಲದ ಕೆಲಸ.

ಕಡಲೆ ಒಣಗಿದಾಗ ಆರು ಜನರನ್ನು ಕರೆದುಕೊಂಡು ಹೋದೆ. ಬಿಸಿಲೇರಿದರೆ ಕಾಯಿ ಉದುರುತ್ತವೆಂದು ಬೆಳಕು ಹರಿಯುವ ಮೊದಲೇ ಹೊಲದಲ್ಲಿದ್ದೆವು. ನಿಲ್ಲಲು ಮನಸ್ಸಾಗದೆ ನಾನೂ ಒಂದು ಸಾಲು ಹಿಡಿದು ಕೀಳತೊಡಗಿದೆ. ಅಂಗೈ ಕಿತ್ತುಬಂತು. ಗಿಡಗಳು ಕಾಯಿಯಿಂದ ಜಗ್ಗುತ್ತಿದ್ದವು. ತೂತು ಬಿದ್ದ ಕಾಯಿ ಹುಡುಕಿದರೆ ಸಿಗುವಂತಿತ್ತು.

ಪಕ್ಕದ ಸಾಲಿನ ಮುದುಕಿ ಒಂದು ಕಂತೆ ಎತ್ತಿ ಹಿಡಿದು, "ನೋಡ್ರಿ ಬಾಯಾರ, ಏನ್ ಬೆಳಿ ಬಂದದ! ಭಾಯಿ ಹೊಡೆದ ಎಣ್ಣಿ ದಂಡ ಆಗ್ಲಿಲ್ಲ ನೋಡ್ರಿ," ಎಂದಳು.

ಅವರು ಹೊಡೆದದ್ದು ಐದು ಸಾಲು. ನಾವು ನಿಂತದ್ದು ಹೊಲದ ಇನ್ನೊಂದು ತುದಿಯಲ್ಲಿ.

"ಹೌದವಾ, ಬೆಳಿ ಚಲೋ ಬಂದದ," ಎಂದು ಮುಂದಿನ ಗಿಡಕ್ಕೆ ಬಗ್ಗಿದೆ.